ಹಲಸಿನ ಹಲಗೆ ನುಣುಪಾಗಬೇಕಿತ್ತು

ಆ ಮನುಷ್ಯನ ಕೊರಳಿಗೂ ತುಂಡಾಗಿ ಹಾರಿದ ಗರಗಸದ ಚೈನಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗವಿತ್ತು. ಅಳೆದು ಹೇಳುತ್ತಿಲ್ಲ, ಎರಡು ಮಾರು ದೂರದಲ್ಲಿ ನಿಂತು ಕಂಡು ಹೇಳುತ್ತಿದ್ದೇನೆ. ಇಷ್ಟು ವರ್ಷವಾದರೂ ಎಲ್ಲಾದರೂ ಮರ ಕೊಯ್ಯುವ ಯಂತ್ರದ ಸದ್ದು ಕೇಳಿದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟುಬಿಡುತ್ತೇನೆ. ಹೆದರಿಕೆಯಾಗುತ್ತದೆ, ನಿಜ. ಆದರೆ ಹೆದರಿಕೆಗಿಂತ ಹೆಚ್ಚು ಸಿಟ್ಟು ಬರುತ್ತದೆ. ಅದೊಂದು ಆಕಸ್ಮಿಕ ಎಂದು ನಮ್ಮ ನೆಂಟರು ಇವತ್ತಿಗೂ ಹೇಳುತ್ತಾರೆ. ಅಲ್ಲ. ಆ ಎರಡು ದಿನ ತೋಟದಲ್ಲಿ ಓಡಾಡಿದವರು ಐದು ಜನ. ಇಬ್ಬರಿಗೆ ಖಂಡಿತ ಗೊತ್ತಿತ್ತು. ಒಬ್ಬರಿಗೆ ಅನುಮಾನವಿತ್ತು. ನನಗೆ ಗೊತ್ತಾಗಬೇಕಿತ್ತು. ಏನೂ ಗೊತ್ತಿಲ್ಲದವನು ಯಂತ್ರ ಹಿಡಿದವನು ಒಬ್ಬನೇ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ನನ್ನನ್ನು ಸಾಕಿದವರು, ಓದಿಸಿದವರು ಕಣಕಟ್ಟೆ ಹತ್ತಿರದ ನಮ್ಮ ದೊಡ್ಡಪ್ಪ, ದೊಡ್ಡಮ್ಮ. ಅನ್ನ ಹಾಕಿದವರ ಮೇಲೆಯೇ ಬರೆಯುತ್ತಾಳೆ ಎನ್ನುವವರು ನೆಂಟರಲ್ಲಿ ಇದ್ದಾರೆ. ಬರೆಯುತ್ತೇನೆ.

ಆ ವರ್ಷ ದೊಡ್ಡಪ್ಪ ಹೊಸ ಮನೆ ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು. ಹೆಬ್ಬಾಗಿಲಿಗೆ ಮಾತ್ರ ಅಂಗಡಿಯ ಮರ ಬೇಡ, ನಮ್ಮ ತೋಟದ್ದೇ ಹಲಸು ಆಗಬೇಕು, ಅದೂ ಒಂದೊಂದು ಕದಕ್ಕೆ ಒಂದೊಂದೇ ಹಲಗೆ, ಜೋಡಣೆ ಕಾಣಬಾರದು ಎಂದು ಹಟ. ತೆಂಗಿನ ತೋಟದ ಅಂಚಿನಲ್ಲಿ ಅವರ ಅಪ್ಪ ನೆಟ್ಟ ಹಲಸಿನ ಮರವೊಂದಿತ್ತು. ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪ. ಅದನ್ನು ಮಾಗಿಯಲ್ಲೇ ಉರುಳಿಸಿದ್ದರು. ದಿಮ್ಮಿಯನ್ನು ಅರಸೀಕೆರೆಯ ಸಾಮಿಲ್ಲಿಗೆ ಸಾಗಿಸೋಣವೆಂದರೆ ತೋಟದೊಳಕ್ಕೆ ಲಾರಿ ಬರುವ ದಾರಿಯಿಲ್ಲ. ಹಿಂದಾದರೆ ಕೈಗರಗಸದವರು ಬಂದು ಒಬ್ಬ ದಿಮ್ಮಿಯ ಮೇಲೆ, ಒಬ್ಬ ಕೆಳಗೆ ನಿಂತು ವಾರಗಟ್ಟಲೆ ಎಳೆಯುತ್ತಿದ್ದರಂತೆ. ಅಂಥವರು ಆಗಲೇ ಸಿಗುತ್ತಿರಲಿಲ್ಲ. ಹೀಗಾಗಿ ಬಾಣಾವರದ ಕಡೆಯಿಂದ ಚೈನು ಗರಗಸದವನೊಬ್ಬನನ್ನು ಕರೆಸಿದರು. ಮೂವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ, ಬಾಯಿತುಂಬ ಮಾತಾಡುವ ಆಳು. ಊರಿನವರೆಲ್ಲ ಅವನನ್ನು ಮಿಷನ್ನಿನವನು ಎಂದೇ ಕರೆಯುತ್ತಿದ್ದರು.

ಬೇಸಿಗೆ ರಜವಾದ್ದರಿಂದ ನಾನು ಊರಿನಲ್ಲೇ ಇದ್ದೆ. ಅವನು ಮೊಪೆಡ್ಡಿನಿಂದ ಇಳಿದವನೇ ಗೋಣಿಚೀಲ ಬಿಚ್ಚುವುದಕ್ಕೂ ಮುಂಚೆ ದಿಮ್ಮಿಯ ಸುತ್ತ ಒಂದು ಸುತ್ತು ಹಾಕಿ ಕೇಳಿದ.

“ಯಜಮಾನ್ರೆ, ಮರದಾಗೆ ಕಬ್ಬಿಣ ಗಿಬ್ಬಿಣ ಏನಾರ ಐತಾ? ತಂತಿ, ಮೊಳೆ, ಬೇಲಿ ಕೊಂಡಿ?”

“ನಮ್ಮಪ್ಪ ನೆಟ್ಟಿದ್ ಮರ ಕಣ್ಲಾ ಅದು. ಕಬ್ಬಿಣ ಎಲ್ಲಿಂದ ಬತ್ತದೆ?” ಎಂದರು ದೊಡ್ಡಪ್ಪ.

“ಅಲ್ಲಾ, ಕೇಳ್ಬೇಕು ನೋಡಿ. ಚೈನಿಗೆ ತಗುಲಿದ್ರೆ ನನ್ನ ತಲೆನೇ ಹಾರೋಯ್ತದೆ.”

“ನಿನ್ ತಲೆ ಯಾವನಿಗ್ ಬೇಕ್ಲಾ? ನಂಗೆ ಹಲಗೆ ಬೇಕು.”

ಎಲ್ಲರೂ ನಕ್ಕೆವು. ಮಿಷನ್ನಿನವನೂ ನಕ್ಕ. ನಾನೂ ನಕ್ಕೆ. ಮಜ್ಜಿಗೆ ತಂದಿದ್ದ ದೊಡ್ಡಮ್ಮ ಮಾತ್ರ ನಗದೆ, ಚೆಂಬನ್ನು ಬದುವಿನ ಮೇಲಿಟ್ಟು ಮನೆ ಕಡೆ ಹೊರಟುಬಿಟ್ಟರು. ಅದನ್ನು ನಾನು ಆಗಲೇ ಗಮನಿಸಿದ್ದೆನೋ, ನಡೆದದ್ದೆಲ್ಲ ನಡೆದ ಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಖಾತ್ರಿಯಾಗಿ ಹೇಳಲಾರೆ.

ಮೊದಲ ದಿನದ ಕೊಯ್ತ ಚೆನ್ನಾಗಿ ಬರಲಿಲ್ಲ. ದಿಮ್ಮಿಯ ಒಂದು ಮಗ್ಗುಲನ್ನು ದಪ್ಪಗೆ ಸೀಳಿ ತೆಗೆದದ್ದಾಯಿತು. ಸೀಳಿದ ಮುಖದ ತುಂಬ ಅಡ್ಡಡ್ಡ ಗೀರು, ಅಲ್ಲಲ್ಲಿ ಮೆಟ್ಟಿಲಿನಂಥ ಏರುಪೇರು. ಬಾಗಿಲು ಮಾಡಬೇಕಾದ ಆಚಾರ್ರು ಪಕ್ಕದ ಊರಿನವರು, ಅರವತ್ತು ದಾಟಿದವರು. ಅಂಗೈಯಿಂದ ಸವರಿ ನೋಡಿ ಕೈಕೊಡವಿದರು.

“ಇದೇನಯ್ಯ ಇದು, ಹಲಗೆ ಕುಯ್ದಿದೀಯೋ, ರಾಗಿ ಹೊಲ ಉತ್ತಿದೀಯೋ?”

“ಆಚಾರ್ರೆ, ನೀವು ಹತ್ತರಿ ಹೊಡ್ದು ನುಣ್ಗೆ ಮಾಡಾಕೆ ಏನಾರ ಬಿಡ್ಬೇಕಲ್ಲ.”

“ಇದ್ಕೆ ಹತ್ತರಿ ಹೊಡ್ಯಾಕೆ ಹೋದ್ರೆ ನನ್ ಮೊಮ್ಮಗನ ಕಾಲಕ್ಕೆ ಬಾಗಿಲಾಯ್ತದೆ.”

ದೊಡ್ಡಪ್ಪನಿಗೆ ತಮಾಷೆ ಹಿಡಿಸಲಿಲ್ಲ. “ಹಳೇಬೀಡ್ ಕಂಬ ನೋಡಿದೀಯೇನ್ಲಾ? ಮುಖ ಕಾಣ್ತದೆ ಅದ್ರಾಗೆ. ಕಲ್ಲಿಗೇ ಆ ನುಣುಪು ಬರ್ಸವ್ರೆ, ನಿಂಗೆ ಮರಕ್ ಬರ್ಸಾಕೆ ಆಗಾಕಿಲ್ವಾ? ಆಗಾಕಿಲ್ಲ ಅಂದ್ರೆ ಹೇಳು, ಬೇರೆಯೋರ್ನ ಕರೀತೀನಿ.”

ಮಿಷನ್ನಿನವನ ಮುಖ ಸಪ್ಪಗಾಯಿತು. ಯಂತ್ರ ಕೊಂಡು ಒಂದು ವರ್ಷವಾಗಿತ್ತಷ್ಟೆ. ಮರ ಉರುಳಿಸುವುದು, ತುಂಡು ಮಾಡುವುದು ಅವನಿಗೆ ಗೊತ್ತಿತ್ತು, ಉದ್ದಕ್ಕೆ ಸೀಳಿ ಹಲಗೆ ತೆಗೆಯುವುದು ಹೊಸದು. ಯಂತ್ರದ ಜೊತೆ ಬಂದಿದ್ದ ಪುಸ್ತಕ ಚೀಲದಲ್ಲೇ ಇತ್ತು. ಎಣ್ಣೆ ಹಿಡಿದು ಹಾಳೆಗಳೆಲ್ಲ ಅಂಟಿಕೊಂಡಿದ್ದವು. ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ.

“ಮೇಡಮ್ಮೋರೆ, ಎಲ್ಲಾ ಇಂಗ್ಲೀಷ್ನಾಗೇ ಐತೆ. ವಸಿ ಓದಿ ಹೇಳ್ತೀರಾ?”

ನಮ್ಮ ಜನರಿಗೆ ಮಾರುವ ವಸ್ತುವಿನ ಮೇಲೆ ನಮ್ಮ ಭಾಷೆಯ ಒಂದು ಸಾಲೂ ಇರಲಿಲ್ಲ. ಒಂದು ಕೈ ತಪ್ಪಿದರೆ ಪ್ರಾಣ ಹೋಗುವ ವಸ್ತು ಅದು. ಅದಕ್ಕೂ ನನಗೆ ಸಿಟ್ಟಿದೆ. ಆದರೆ ಅವತ್ತು ಬಂದದ್ದು ಸಿಟ್ಟಲ್ಲ, ಹೆಮ್ಮೆ. ಓದಿದ್ದು ಉಪಯೋಗಕ್ಕೆ ಬಂತೆಂದು ಹಿಗ್ಗಿದೆ.

ಬದುವಿನ ಮೇಲೆ ಕೂತು ಪೂರ್ತಿ ಓದಿದೆ. ವಿಷಯ ಕಷ್ಟದ್ದೇನಲ್ಲ. ಮರವನ್ನು ಅಡ್ಡ ಕೊಯ್ಯುವ ಚೈನಿನ ಹಲ್ಲುಗಳನ್ನು ಓರೆಯಾಗಿ ಅರ ಹಾಕಿ ಮಸೆದಿರುತ್ತಾರೆ. ಅದೇ ಹಲ್ಲಿನಿಂದ ಉದ್ದಕ್ಕೆ ಸೀಳಿದರೆ ನಾರು ಕಿತ್ತುಬಂದು ಗೀರು ಏಳುತ್ತದೆ. ಸೀಳುವುದಕ್ಕೆ ಹಲ್ಲಿನ ಬಾಯಿ ಹೆಚ್ಚು ಕಡಿಮೆ ನೇರವಾಗಿರಬೇಕು, ಹತ್ತು ಡಿಗ್ರಿಯಷ್ಟು ಓರೆ ಸಾಕು. ಎಲ್ಲ ಹಲ್ಲೂ ಒಂದೇ ಉದ್ದ ಇರಬೇಕು, ಅಂದರೆ ಒಂದು ಹಲ್ಲಿಗೆ ಐದು ಸಲ ಅರ ಎಳೆದರೆ ಎಲ್ಲದಕ್ಕೂ ಐದೇ ಸಲ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗುಬುಟು ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ಹಿಡಿತ ಮಾಡುವುದು ಅದು. ಅದನ್ನು ಹೆಚ್ಚು ಸವೆಸಿದರೆ ಹಲ್ಲು ಅತಿಯಾಗಿ ಕಚ್ಚಿ ಯಂತ್ರ ಹಿಂದಕ್ಕೆ ಎಗರುತ್ತದೆ. ಯಂತ್ರವನ್ನು ಪೂರ್ತಿ ವೇಗಕ್ಕೆ ತಂದ ಮೇಲೆಯೇ ಮರಕ್ಕೆ ತಾಗಿಸಬೇಕು, ಒತ್ತಬಾರದು, ಅಲ್ಲಾಡಿಸಬಾರದು. ನಡುವೆ ನಿಲ್ಲಿಸಿದರೆ ನಿಂತ ಜಾಗದಲ್ಲಿ ಮೆಟ್ಟಿಲು ಬೀಳುತ್ತದೆ.

ನನ್ನ ಕಂಪಾಸು ಪೆಟ್ಟಿಗೆಯ ಕೋನಮಾಪಕ ತಂದು ರಟ್ಟಿನ ಮೇಲೆ ಹತ್ತು ಡಿಗ್ರಿಯ ಗೆರೆ ಎಳೆದುಕೊಟ್ಟೆ. ಅವನು ಆ ರಟ್ಟನ್ನು ಯಂತ್ರದ ಕೆಳಗೆ ಇಟ್ಟುಕೊಂಡು, ತೆಂಗಿನ ನೆರಳಲ್ಲಿ ಕುಕ್ಕರಗಾಲಿನಲ್ಲಿ ಕೂತು, ಸಂಜೆಯವರೆಗೆ ಒಂದೊಂದೇ ಹಲ್ಲಿಗೆ ಅರ ಹಾಕಿದ. ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದ. ನಡುವೆ ಒಂದು ಸಲ ತಲೆಯೆತ್ತಿ, “ಗುಬುಟಿಗೂ ವಸಿ ಮುಟ್ಟಿಸ್ಲಾ ಮೇಡಮ್ಮೋರೆ?” ಎಂದ. “ಬೇಡ, ಅದೇ ಅಪಾಯ” ಎಂದೆ. “ಹಾಗಾರೆ ಬ್ಯಾಡ” ಎಂದ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಬರೆದಿದ್ದೇನೆ.

ಮಾರನೆಯ ದಿನ ಬೆಳಿಗ್ಗೆ ದಿಮ್ಮಿಯ ಮೇಲೆ ಸುಣ್ಣದ ನೂಲು ಹೊಡೆದು ಗೆರೆ ಬಿಟ್ಟರು. ಗೆರೆಗೆ ಹೊಂದಿಸಿ ಉದ್ದಕ್ಕೂ ಒಂದು ನೇರವಾದ ರೀಪು ಕಟ್ಟಿದರು. ಬ್ಲೇಡು ಅದಕ್ಕೆ ಒರಗಿಕೊಂಡು ಜಾರಲೆಂದು ಅದರ ಅಂಚಿಗೆ ಕೊಬ್ಬರಿ ಎಣ್ಣೆ ಸವರಿದ್ದು ದೊಡ್ಡಪ್ಪನದೇ ಉಪಾಯ. ಸೀಳಿದ ಬಾಯಿ ಮುಚ್ಚಿಕೊಳ್ಳದಂತೆ ಹಿಂದೆಯೇ ಬೆಣೆ ಕೊಡುತ್ತ ಹೋಗಲು ಆಚಾರ್ರು ನಿಂತರು. ಮಿಷನ್ನಿನವನು ಯಂತ್ರ ಎಬ್ಬಿಸಿದ. ಅದು ಕೂಗಿ ಕೂಗಿ ಒಂದೇ ಸ್ವರಕ್ಕೆ ಬಂದ ಮೇಲೆ ಮರಕ್ಕೆ ಇಳಿಸಿದ. ಹಿಂದಿನ ದಿನ ಪುಡಿಪುಡಿಯಾಗಿ ಬಿದ್ದಿದ್ದ ಹೊಟ್ಟು ಅವತ್ತು ಅರಿಸಿನದ ಬಣ್ಣದ ಸಣ್ಣ ಎಳೆಗಳಾಗಿ ಅವನ ಕಾಲ ಮೇಲೆ ಸುರಿಯಿತು. ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನಡುವೆ ಎಲ್ಲೂ ನಿಲ್ಲಿಸಲಿಲ್ಲ. ದಿಮ್ಮಿ ಬಹಳ ದಪ್ಪವಾದ್ದರಿಂದ ಬ್ಲೇಡಿನ ತುದಿ ಆಚೆ ಬರುತ್ತಿರಲಿಲ್ಲ, ಮರದೊಳಗೇ ಮುಳುಗಿರುತ್ತಿತ್ತು. ಹೀಗಾಗಿ ಅರ್ಧ ಸೀಳಿ, ದಿಮ್ಮಿ ಹೊರಳಿಸಿ, ಇನ್ನರ್ಧ ಸೀಳಿದ.

ಹಲಗೆ ಬಿಡಿಸಿಕೊಂಡಿತು. ಹಳದಿ ಮರದ ಮೇಲೆ ಉದ್ದಕ್ಕೂ ಬೆರಳು ಎಳೆದರೆ ಎಲ್ಲೂ ತಡೆಯುತ್ತಿರಲಿಲ್ಲ. ಆಚಾರ್ರು ಕೆನ್ನೆ ತಾಗಿಸಿ ನೋಡಿದರು.

“ಎಲಾ ಇವ್ನ. ಎರಡೇಟು ಹತ್ತರಿ ಹೊಡುದ್ರೆ ಸಾಕು.”

“ಈಗ ಹೇಳಿ ಆಚಾರ್ರೆ, ರಾಗಿ ಹೊಲನಾ?”

“ಇಲ್ಲ ಬಿಡಪ್ಪ, ಗದ್ದೆಗೆ ಮಟ್ಟ ಹೊಡ್ದಂಗೈತೆ.”

ದೊಡ್ಡಪ್ಪ ನನ್ನ ಕಡೆ ತಿರುಗಿ, “ಓದ್ಸಿದ್ದು ದಂಡ ಆಗ್ಲಿಲ್ಲ ಕಣೇ” ಎಂದರು. ನನಗೆ ಆ ಮಾತಿನಿಂದ ಆದ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಏಕೆಂದರೆ ಅದೇ ಹಲಗೆಯ ಮೇಲೆ, ಬುಡದ ಕಡೆಯಿಂದ ಮೂರು ಮೊಳ ದೂರದಲ್ಲಿ, ಒಂದು ನೀಲಿಗಪ್ಪು ಕಲೆಯಿತ್ತು. ಶಾಯಿ ಚೆಲ್ಲಿದ ಹಾಗೆ, ಒಂದು ತುದಿ ಚೂಪಾಗಿ. ಆಚಾರ್ರು ಅದರ ಮೇಲೆ ಉಗುರಾಡಿಸಿದರು.

“ಯಜಮಾನ್ರೆ, ಕಬ್ಬಿಣದ ಕಪ್ಪು ಇದ್ದಂಗೈತಲ್ಲ?”

“ನೀರು ಕುಡ್ದದೆ. ಕೊಂಬೆ ಸಂದಿನಾಗೆ ನೀರಿಳ್ದು ಹಂಗಾಯ್ತದೆ” ಎಂದರು ದೊಡ್ಡಪ್ಪ, ತಟ್ಟನೆ.

ಆಚಾರ್ರು ಇನ್ನೊಂದು ಸಲ ಕಲೆಯನ್ನು ನೋಡಿ, ದೊಡ್ಡಪ್ಪನ ಮುಖ ನೋಡಿ, ಸುಮ್ಮನಾದರು. ಹೊಸ ಮನೆಯ ಅಷ್ಟೂ ಬಾಗಿಲು ಕಿಟಕಿ ಅವರ ಕೈಯಲ್ಲಿತ್ತು. ನಾನು? ಮರದ ಒಗರಿಗೆ ಕಬ್ಬಿಣ ತಗುಲಿದರೆ ಶಾಯಿಯಂಥ ಕಪ್ಪು ಬರುತ್ತದೆ ಎಂದು ಒಂಬತ್ತನೇ ತರಗತಿಯವರಿಗೆ ಅಳಲೆಕಾಯಿ ನೀರಿನಲ್ಲಿ ಮೊಳೆ ಹಾಕಿ ನಾನೇ ತೋರಿಸಿದ್ದೆ. ಕಲೆ ನೋಡಿದೆ. ನೆನಪೂ ಆಯಿತು. ಆಗತಾನೆ ನನ್ನನ್ನು ಹೊಗಳಿದ್ದ ದೊಡ್ಡಪ್ಪನ ಮಾತಿಗೆ ಎದುರು ಹೇಳುವುದೇಕೆ ಎಂದು ಬಾಯಿ ಮುಚ್ಚಿಕೊಂಡೆ. ಮಿಷನ್ನಿನವನು ದೂರದಲ್ಲಿ ಯಂತ್ರಕ್ಕೆ ಎಣ್ಣೆ ತುಂಬುತ್ತಿದ್ದ. ಅವನಿಗೆ ಯಾರೂ ಕಲೆ ತೋರಿಸಲಿಲ್ಲ.

ಮುಂದಿನದು ದಿಮ್ಮಿಯ ನಡುಭಾಗದ ಹಲಗೆ, ಎಲ್ಲಕ್ಕಿಂತ ಅಗಲವಾದದ್ದು, ಬಾಗಿಲಿಗೆಂದೇ ಲೆಕ್ಕ ಹಾಕಿದ್ದು. ಶುರು ಮಾಡುವ ಮುಂಚೆ ಅವನು ನನ್ನನ್ನು ಕೇಳಿದ, “ಮೇಡಮ್ಮೋರೆ, ಇನ್ನೇನಾರ ಐತಾ?”

“ನಡುವೆ ನಿಲ್ಲಿಸಬೇಡ, ಅಷ್ಟೇ” ಎಂದೆ.

ನನ್ನ ಆ ಮಾತನ್ನೇ ದಿನವೂ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತೇನೆ. ಅವನು ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಡುತ್ತ ಬಂದ. ಬುಡದ ಹತ್ತಿರ ಬರುವಾಗ ಯಂತ್ರದ ಸ್ವರ ಬದಲಾಯಿತು. ಕಿರ್ರೆಂದು ಒಂದು ಸಣ್ಣ ಸದ್ದು, ಹಲಗೆಯ ಮೇಲೆ ಮೊಳೆ ಎಳೆದ ಹಾಗೆ. ಬೇರೆ ದಿನವಾಗಿದ್ದರೆ ಅವನು ತಕ್ಷಣ ಮೇಲಕ್ಕೆತ್ತಿಬಿಡುತ್ತಿದ್ದ. ಅವತ್ತು ಅವನ ಕಣ್ಣು ಒಂದು ಕ್ಷಣ ನನ್ನ ಕಡೆ ಬಂತು. ನಿಲ್ಲಿಸಲೇ ಬೇಡವೇ ಎಂಬ ನೋಟ. ಹಲಗೆ ಹಾಳಾಗುತ್ತದೆ ಎಂದು ಹಿಡಿತ ಸಡಿಲಿಸಲಿಲ್ಲ. ಮುಂದಿನ ಕ್ಷಣ ಬ್ಲೇಡು ದಿಮ್ಮಿಯೊಳಗಿಂದ ಎಗರಿ ಅವನ ಮುಖದ ಕಡೆಗೆ ಬಂತು. ಅವನು ತಲೆ ವಾಲಿಸಿದ. ಅದು ಎಡಭುಜದ ಮೇಲೆ ಬಿತ್ತು. ಚೈನು ತುಂಡಾಗಿ ಕೊರಳ ಪಕ್ಕದಿಂದ ಹಾರಿ ಹಿಂದಿನ ತೆಂಗಿನ ಬೊಡ್ಡೆಗೆ ಬಡಿಯಿತು. ಯಂತ್ರ ಕೆಳಗೆ ಬಿದ್ದು ಒದ್ದಾಡಿ ನಿಂತುಹೋಯಿತು. ಆಮೇಲಿನ ನಿಶ್ಶಬ್ದದಲ್ಲಿ ಅವನು ಹೇಳಿದ್ದು ಒಂದೇ ಮಾತು.

“ಹಲಗೆ ಏನಾಯ್ತು?”

ಎಂಥ ಜನ ನಾವು! ಭುಜದ ಮಾಂಸ ಕಿತ್ತುಬಂದವನ ಬಾಯಲ್ಲಿ ಆ ಮಾತು ಬರುವ ಹಾಗೆ ಎರಡು ದಿನ ಅವನನ್ನು ಹೆದರಿಸಿಟ್ಟಿದ್ದೆವು.

ನನ್ನ ಸೆರಗನ್ನೇ ಒತ್ತಿ ಹಿಡಿದೆ. ಆಚಾರ್ರು ಓಡಿಹೋಗಿ ರಸ್ತೆಯಲ್ಲಿ ಜೀಪೊಂದನ್ನು ನಿಲ್ಲಿಸಿದರು. ಅರಸೀಕೆರೆಯ ಆಸ್ಪತ್ರೆಗೆ ನಾನೂ ಆಚಾರ್ರೂ ಕರೆದುಕೊಂಡು ಹೋದೆವು. ಹೊಲಿಗೆ ಹಾಕಿದ ಡಾಕ್ಟರು, ಇನ್ನು ಸ್ವಲ್ಪ ಕೊರಳ ಕಡೆಗೆ ಬಂದಿದ್ದರೆ ಇಲ್ಲಿಯವರೆಗೆ ತರುವ ಅಗತ್ಯವೇ ಇರುತ್ತಿರಲಿಲ್ಲ ಎಂದರು. ದೊಡ್ಡಪ್ಪ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಜಗಲಿಯಲ್ಲಿ ನಾಲ್ಕು ಜನ ನೆರೆಯವರ ಮುಂದೆ ದೊಡ್ಡಪ್ಪ ಹೇಳುತ್ತಿದ್ದರು.

“ಇವ್ಳು ಪುಸ್ತಕ ಓದಿ ಅದೇನೋ ಹೇಳಿದ್ಲು, ಅವ್ನು ಹೋಗಿ ಹಲ್ಲೆಲ್ಲಾ ಅರ ಹಾಕ್ದ. ಗುಬುಟು ತಿಂದಾಕ್ಬಿಟ್ಟವ್ನೆ. ಅದ್ಕೇ ಎಗರಿದ್ದು.”

“ದೊಡ್ಡಪ್ಪಾ, ಅವನು ಗುಬುಟು ಮುಟ್ಟಲೇ ಇಲ್ಲ” ಎಂದೆ.

“ನೀನೇನು ಪಕ್ದಾಗೇ ಕೂತಿದ್ಯಾ ಸಂಜೆಗಂಟ? ಸುಮ್ಕಿರು. ಆಗಿದ್ದಾಯ್ತು.”

ಮಾರನೆಯ ಬೆಳಿಗ್ಗೆ ಹಿತ್ತಲಿನ ಕಲ್ಲಿನ ಮೇಲೆ ನನ್ನ ರಕ್ತದ ಸೀರೆಯನ್ನು ದೊಡ್ಡಮ್ಮ ಒಗೆಯುತ್ತಿದ್ದರು. ನಾನು ಕೊಡ ತುಂಬಿಕೊಳ್ಳಲು ಹೋದೆ. ತಲೆಯೆತ್ತದೆಯೇ ಹೇಳಿದರು.

“ಏಳು ಮೊಳೆ ಕಣೇ ಮಗಾ.”

ನನಗೆ ತಿಳಿಯಲಿಲ್ಲ. “ಏನು ಏಳು?”

“ಆ ಮರ್ದಾಗೆ. ನಾನು ಮದ್ವೆಯಾಗಿ ಬಂದ ವರ್ಸ. ನಂಗೆ ಗಾಳಿ ಮೆಟ್ಕಂಡದೆ ಅಂತ ಊರ್ಗೆ ತಿಳೀದಂಗೆ ಮಂತ್ರ ಹಾಕೋನ್ನ ಕರ್ಸಿದ್ರು. ಮರದ ಸುತ್ತ ಏಳು ಸುತ್ತು ಸುತ್ಸುದ್ರು. ಸುತ್ತಿಗೊಂದು ಮೊಳೆ, ಮೊಳೆಗೊಂದು ಎಳೆ ನನ್ ಕೂದ್ಲು ಸುತ್ತಿ ಹೊಡುದ್ರು. ನಿನ್ ದೊಡ್ಡಪ್ಪನೇ ಸುತ್ತಿಗೆ ಹಿಡ್ದಿದ್ದು.”

ಮೂವತ್ತು ವರ್ಷದಲ್ಲಿ ಮರ ಬೆಳೆದು ಮೊಳೆಗಳನ್ನು ಒಳಕ್ಕೆ ನುಂಗಿಕೊಂಡಿತ್ತು. ದೆವ್ವ ಕಟ್ಟಿದ ಮರವನ್ನು ಹೆಬ್ಬಾಗಿಲಿಗೆ ಹಾಕುವ ಹಾಗಿಲ್ಲ, ಹಾಕಿದರೆ ಊರಿನ ಒಬ್ಬರೂ ಅದನ್ನು ದಾಟಿ ಒಳಗೆ ಬರುವುದಿಲ್ಲ. ದೊಡ್ಡಪ್ಪನಿಗೆ ದೆವ್ವದ ನಂಬಿಕೆ ಆಗಲೇ ಹೋಗಿತ್ತು, ಊರಿನ ಬಾಯಿಯ ಹೆದರಿಕೆ ಹೋಗಿರಲಿಲ್ಲ. ಅವರಿಗೆ ಆ ಅಗಲದ ಹಲಗೆಯೂ ಬೇಕು, ಮೊಳೆಯ ವಿಷಯ ಹೊರಗೆ ಬರಲೂಬಾರದು. ಮಿಷನ್ನಿನವನು ಬರುವ ದಿನ ಬೆಳಿಗ್ಗೆ ದೊಡ್ಡಮ್ಮ, “ಅವ್ನಿಗೊಂದ್ ಮಾತು ಹೇಳಿ” ಎಂದದ್ದಕ್ಕೆ, “ಇಷ್ಟೊತ್ಗೆ ತುಕ್ಕಿಡ್ದು ಮಣ್ಣಾಗಿರ್ತವೆ, ಬಾಯ್ ಮುಚ್ಕಂಡಿರು” ಎಂದರಂತೆ.

“ನೀವಾದ್ರೂ ಹೇಳಬಾರದಿತ್ತೇ?” ಎಂದೆ. ನನ್ನ ದನಿ ಎತ್ತರವಾಗಿತ್ತು.

“ಏನಂತ ಹೇಳ್ಲಿ? ನಂಗೆ ದೆವ್ವ ಹಿಡ್ದಿತ್ತು, ನೋಡ್ಕಂಡ್ ಕುಯ್ಯಪ್ಪ ಅಂತ್ಲಾ?” ಎಂದು ಸೀರೆಯನ್ನು ಕಲ್ಲಿಗೆ ಬಡಿದರು. ನನಗೆ ಅವರ ಮೇಲೂ ಸಿಟ್ಟಿತ್ತು. ಹದಿನಾರು ವರ್ಷದ ಹುಡುಗಿಯ ಕೂದಲು ಹಿಡಿದು ಮರಕ್ಕೆ ಮೊಳೆ ಹೊಡೆದವರ ಮೇಲೆ ಅದಕ್ಕಿಂತ ಹೆಚ್ಚಿನ ಸಿಟ್ಟಿತ್ತು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಕೊಡ ತುಂಬಿಕೊಂಡೆ.

ಮಧ್ಯಾಹ್ನ ಆಚಾರ್ರನ್ನು ತೋಟಕ್ಕೆ ಕರೆದುಕೊಂಡು ಹೋದೆ. ಚೈನು ಎಗರಿದ ಜಾಗದಲ್ಲಿ ಉಳಿಯಿಂದ ಕೆತ್ತಿದರು. ಬೆರಳುದ್ದದ ಹಳೆಯ ನಾಲ್ಕು ಮೂಲೆಯ ಮೊಳೆ, ಒಂದು ಮಗ್ಗುಲು ಚೈನು ಉಜ್ಜಿ ಬೆಳ್ಳಗಾಗಿತ್ತು. ಸುತ್ತಲಿನ ಮರ ಕಪ್ಪಾಗಿತ್ತು.

“ನಂಗೂ ಅನ್ಮಾನ ಇತ್ತವ್ವ” ಎಂದರು ಆಚಾರ್ರು, ಮೊಳೆಯನ್ನು ನನ್ನ ಅಂಗೈಯಲ್ಲಿ ಇಡುತ್ತ.

“ನನಗೂ ಇತ್ತು ಆಚಾರ್ರೆ” ಎಂದೆ. ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರದನ್ನು ನೋಡಲಿಲ್ಲ.

ಮಿಷನ್ನಿನವನನ್ನು ನೋಡಲು ಬಾಣಾವರದ ಬಸ್ಸು ಹತ್ತಿದ್ದು ನಾಲ್ಕು ದಿನವಾದ ಮೇಲೆ. ಇಷ್ಟು ತಡವೇಕೆ ಎಂದರೆ ಸಮಜಾಯಿಷಿ ಇಲ್ಲ. ಹೇಳಿದರೆ ದೊಡ್ಡಪ್ಪನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಇವನದು ಹೋಗುತ್ತದೆ ಎಂದು ತೂಗುತ್ತ ಕೂತಿದ್ದೆ. ತೂಗುವಂಥದ್ದೇ ಅಲ್ಲ ಅದು. ಅಷ್ಟರಲ್ಲಿ ಅವನಿಗೆ ಕೊಯ್ಯಲು ಬರುವುದಿಲ್ಲ, ಹಲ್ಲು ಮಸೆಯಲು ಹೋಗಿ ತಾನೇ ಕೊಯ್ದುಕೊಂಡ ಎಂಬ ಮಾತು ಸುತ್ತ ಹಬ್ಬಿತ್ತು.

ಅವನು ಮನೆಯ ಮುಂದೆ ತೋಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕೂತಿದ್ದ. ಹೆಂಡತಿ ನನಗೆ ಚಾಪೆ ಹಾಕಿದಳು, ಮಾತಾಡಿಸಲಿಲ್ಲ. ನಾನು ಬಾಯಿ ತೆಗೆಯುವ ಮೊದಲೇ ಅವನು ಹೇಳತೊಡಗಿದ.

“ನಂದೇ ತಪ್ಪು ಮೇಡಮ್ಮೋರೆ. ನೀವು ಬ್ಯಾಡ ಅಂದ್ರಿ. ಅರ ಜಾರಿ ಒಂದೆರಡು ಗುಬುಟಿಗೆ ತಗುಲಿತ್ತೇನೋ ಅಂತ. ನಾಕು ದಿನದಿಂದ ಅದೇ ಲೆಕ್ಕ ಹಾಕ್ತಾ ಇವ್ನಿ. ಯಾವ್ ಹಲ್ಲು, ಯಾವ್ ಹಲ್ಲು ಅಂತ. ಮಿಷನ್ನು ಮಾರ್ಬಿಡ್ತೀನಿ. ನಂಗಿದು ಆಗಾಕಿಲ್ಲ.”

ಕರ್ಚೀಫು ಬಿಚ್ಚಿ ಮೊಳೆಯನ್ನು ಅವನ ಮುಂದೆ ಇಟ್ಟೆ.

ಅವನು ಬಲಗೈಯಲ್ಲಿ ಎತ್ತಿಕೊಂಡ. ಬೆಳ್ಳಗಾದ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದ. ಅವನು ಬೈದಿದ್ದರೆ ಚೆನ್ನಾಗಿತ್ತು. ನಾನು ದೊಡ್ಡಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಕಪ್ಪು ಕಲೆ ನೋಡಿಯೂ ಸುಮ್ಮನಿದ್ದದ್ದನ್ನೂ ಹೇಳಿದೆ.

“ನಾನು ಕೇಳಿದ್ನಲ್ಲ” ಎಂದ ಕೊನೆಗೆ. “ಮೊದ್ಲು ಕೇಳಿದ್ದೇ ಅದನ್ನ.”

“ಹೌದು.”

“ನೀವೂ ನಕ್ರಿ.”

“ಹೌದು.”

ಅವನ ಹೆಂಡತಿ ಒಳಗಿನಿಂದ ಜೋರಾಗಿ, “ಯಾವ ಮನೆ ಜನ್ರೀ ನೀವು? ನಾಯಿಗಾದ್ರೂ ಹಚಾ ಅಂತಾರೆ” ಎಂದಳು. ಅವನು ಅವಳನ್ನು ಸುಮ್ಮನಿರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಇನ್ನೇನೋ ಹೊಳೆಯಿತು. ಮೊಳೆಯನ್ನು ಎತ್ತಿ ಹಿಡಿದ.

“ಏಳು ಅಂದ್ರಿ. ಇದೊಂದು. ಇನ್ನಾರು ಅದ್ರಾಗೇ ಅವಲ್ಲ? ಯಜಮಾನ್ರು ಬೇರೆ ಮಿಷನ್ನೋನ್ಗೆ ಹೇಳವ್ರಂತೆ, ತಿಪಟೂರು ಕಡೆಯೋನು. ನಾಳೆ ಬತ್ತಾನಂತೆ. ಅವ್ನಿಗೆ ಯಾರು ಹೇಳ್ತಾರೆ?”

ನನಗೆ ಅದು ಗೊತ್ತೇ ಇರಲಿಲ್ಲ. ಒಬ್ಬನ ಭುಜ ಹೋದ ಮೇಲೆ ಅದೇ ದಿಮ್ಮಿಗೆ ಇನ್ನೊಬ್ಬನ ಕೊರಳು ಕೊಡಲು ಹೊರಟಿದ್ದರು ನನ್ನನ್ನು ಸಾಕಿದವರು. ಸಿಕ್ಕ ಮೊದಲ ಬಸ್ಸಿಗೇ ಊರಿಗೆ ಬಂದೆ. ರಾಗಿ ಬೀಸುತ್ತಿದ್ದ ದೊಡ್ಡಮ್ಮನಿಗೆ ಅವನು ಕೇಳಿದ ಮಾತನ್ನು ಹಾಗೆಯೇ ಒಪ್ಪಿಸಿದೆ. ನಾನು ಹೇಳುತ್ತೇನೆ, ನಿಮ್ಮ ಹೆಸರು ಎತ್ತುವುದಿಲ್ಲ ಎಂದೆ. ಅವರು ಬೀಸುವುದನ್ನು ನಿಲ್ಲಿಸಲಿಲ್ಲ.

ಮಾರನೆಯ ದಿನ ತಿಪಟೂರಿನವನು ಬಂದ. ವಯಸ್ಸಾದ, ಮಾತು ಕಡಿಮೆಯ ಮನುಷ್ಯ. ಯಂತ್ರ ಇಳಿಸಿ ಅದೇ ಪ್ರಶ್ನೆ ಕೇಳಿದ. ದೊಡ್ಡಪ್ಪ ಅದೇ ಉತ್ತರ ಕೊಡಲು ಬಾಯಿ ತೆರೆದರು. ನಾನು ಮುಂದೆ ಬಂದು, “ಇದೆ” ಎಂದೆ.

“ಏಯ್, ಒಳಕ್ಕೋಗೇ” ಎಂದರು ದೊಡ್ಡಪ್ಪ.

“ಇದೆ. ಇನ್ನೂ ಆರು ಮೊಳೆ ಇವೆ. ಎಲ್ಲಿ ಅಂತ ನನಗೆ ಗೊತ್ತಿಲ್ಲ.”

“ನಂಗೊತ್ತು.”

ಹಿಂದಿನಿಂದ ಬಂದ ದನಿ ಅದು. ದೊಡ್ಡಮ್ಮ ಕೈಯಲ್ಲಿ ಸುಣ್ಣದ ಕರಟ ಹಿಡಿದು ಬದು ಇಳಿದು ಬಂದರು. ಯಾರ ಮುಖವನ್ನೂ ನೋಡಲಿಲ್ಲ. ದಿಮ್ಮಿಯ ಬುಡದಲ್ಲಿ ಮೊಣಕೈ ಊರಿ, ಬೊಡ್ಡೆಯಲ್ಲಿ ಒಂದು ಮೊಳ ನೆಲದಲ್ಲೇ ಉಳಿದಿದೆ ಎಂದು ತಾವೇ ಹೇಳಿಕೊಂಡು, ಮೂರು ಮೊಳ ಅಳೆದರು. ಎರಡೂ ಸೇರಿದರೆ ಅವರ ತಲೆಯ ಎತ್ತರ. ಅಲ್ಲಿ ತೊಗಟೆಯನ್ನು ಬೆರಳ ತುದಿಯಿಂದ ತಡಕಿದರು. ಗಂಟುಗಟ್ಟಿದ ಜಾಗ ಸಿಕ್ಕಿತು. ಸುಣ್ಣದಲ್ಲಿ ಅದ್ದಿದ ಬೆರಳಿನಿಂದ ಒಂದು ಸುತ್ತು ಬರೆದರು. ಸ್ವಲ್ಪ ಸರಿದು ಇನ್ನೊಂದು. ಎರಡು ಮೊಳೆ ಮೊದಲ ದಿನ ಸೀಳಿ ತೆಗೆದಿದ್ದ ಹೋಳಿನ ತೊಗಟೆಯಲ್ಲಿ ಸಿಕ್ಕವು. ಒಂದು, ನೀಲಿಗಪ್ಪು ಕಲೆಯಿದ್ದ ಹಲಗೆಯ ಅಂಚಿನಲ್ಲಿ. ದಿಮ್ಮಿಯಲ್ಲಿ ಉಳಿದವು ಮೂರು. ಕೊನೆಯದು ದಿಮ್ಮಿಯ ಅಡಿ ಮಗ್ಗುಲಲ್ಲಿತ್ತು. ತಿಪಟೂರಿನವನು ಬಂದು ಹಾರೆ ಕೊಟ್ಟು ದಿಮ್ಮಿ ಹೊರಳಿಸಿದ. ದೊಡ್ಡಮ್ಮ ನೆಲದಲ್ಲಿ ಕೂತು ಅದಕ್ಕೂ ಸುತ್ತು ಬರೆದರು.

ಅವನು ಬಿಳಿ ಸುತ್ತುಗಳನ್ನು ಎಣಿಸಿದ.

“ಯಾರಮ್ಮ ಹೊಡ್ದಿದ್ದು?”

“ನಮ್ಮನೆಯೋರೇ” ಎಂದರು ದೊಡ್ಡಮ್ಮ. “ನನ್ ಮೈಮೇಲೆ ದೆವ್ವ ಬಂದದೆ ಅಂತ.”

“ಬಂದಿತ್ತಾ?”

“ಇಲ್ಲ. ತವರು ನೆನಪಾಗಿ ಅಳ್ತಿದ್ದೆ. ಕೂಗ್ಕಂಡು ಅಳ್ತಿದ್ದೆ. ಅದಿವ್ರಿಗೆ ತಿಳೀಲಿಲ್ಲ.”

ತಿಪಟೂರಿನವನು ಯಂತ್ರವನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದ. “ಮೊದ್ಲು ಮೊಳೆ ಕೀಳ್ಸಿ ಯಜಮಾನ್ರೆ. ಆಮೇಲೂ ನಾನು ಬರಾಕಿಲ್ಲ” ಎಂದು ಹೊರಟುಹೋದ.

“ಊರಿಗೆಲ್ಲಾ ಗೊತ್ತಾಯ್ತದೆ ಈಗ” ಎಂದರು ದೊಡ್ಡಪ್ಪ. ಅವರ ದನಿ ಕುಗ್ಗಿತ್ತು.

“ಗೊತ್ತಾಗ್ಲಿ. ಆ ಮಿಷನ್ನೋನ್ದೇನೂ ತಪ್ಪಿಲ್ಲ ಅಂತ್ಲೂ ಗೊತ್ತಾಗ್ಲಿ” ಎಂದು ದೊಡ್ಡಮ್ಮ ಬೆರಳಿನ ಸುಣ್ಣವನ್ನು ಹುಲ್ಲಿಗೆ ಒರೆಸಿಕೊಂಡರು.

ಗೊತ್ತಾಯಿತು. ಬಾಣಾವರದವನಿಗೆ ಮತ್ತೆ ಕೆಲಸಕ್ಕೆ ಕರೆ ಬಂತು. ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲವಾದ್ದರಿಂದ ಯಂತ್ರ ಹಿಡಿಯಲು ಬೇರೆಯವನನ್ನು ಇಟ್ಟುಕೊಂಡು, ತಾನು ಹಲ್ಲು ಮಸೆಯುವುದು, ಗೆರೆ ಹೊಡೆಯುವುದು ಮಾಡುತ್ತಿದ್ದ. ಕೊಯ್ಯುವ ಮೊದಲು ದಿಮ್ಮಿಯ ಉದ್ದಕ್ಕೂ ತೊಗಟೆ ಕೆತ್ತಿಸಿ ತಡಕಿ ನೋಡುತ್ತಾನೆ, ಮಾಲೀಕರು ಎಷ್ಟೇ ಆಣೆ ಇಟ್ಟರೂ ಕೇಳುವುದಿಲ್ಲ ಎಂದು ಆಚಾರ್ರು ಹೇಳುತ್ತಿದ್ದರು. ದೊಡ್ಡಪ್ಪ ಅವನ ಮನೆಗೆ ಹೋಗಿ ತಪ್ಪಾಯಿತು ಎಂದು ಒಂದು ಮಾತು ಹೇಳಲಿ ಎಂದು ನಾನು ಅವರಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೋಗಲಿಲ್ಲ. ತೀರಿಕೊಳ್ಳುವವರೆಗೂ, ನೆಂಟರ ಮುಂದೆ, ಅದೊಂದು ಆಕಸ್ಮಿಕ ಎಂದೇ ಹೇಳಿದರು. ಹಾಗೆ ಹೇಳಿದಾಗಲೆಲ್ಲ ನಾನು ಎದ್ದು ನಿಂತು, ಅಲ್ಲ ಎಂದಿದ್ದೇನೆ.